ಲಸಿಕೆಯ ಚೀಟಿ ಮತ್ತು ಸುಳ್ಳು ಸಾಕ್ಷ್ಯ

(ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಮಿಕರಿಗಾಗಿ ಏರ್ಪಡಿಸಿದ್ದ ವಿಚಾರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಲಸಿಕೆ ಪ್ರಮಾಣಪತ್ರದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಾಗ, ಕೋವಿಡ್ ಹೋಗಿ ವರ್ಷಗಳೇ ಕಳೆದ ಮೇಲೆ ಈ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣವಿದೆ. ಆಫ್ರಿಕಾದಲ್ಲಿ ಕೆಲಸವಿದೆ, ಹಳದಿ ಜ್ವರದ ಲಸಿಕೆಯ ಪುಸ್ತಕವನ್ನು ನಾವೇ ಮಾಡಿಸಿಕೊಡುತ್ತೇವೆ, ನೀವು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಹೇಳುವ ಏಜೆಂಟರು ಇಂದಿಗೂ ಇದ್ದಾರೆ. ಉಮ್ರಾ ಪ್ರಯಾಣಕ್ಕೆ ಹೊರಟ ವೃದ್ಧರಿಗೆ ಸೂಜಿಯ ಭಯವಿದ್ದರೆ ಬೇಡ ಬಿಡಿ, ಕಾಗದ ಸಿಕ್ಕರೆ ಸಾಕು ಎಂದು ಉಪದೇಶಿಸುವ ಬಂಧುಗಳೂ ಇದ್ದಾರೆ. ಈ ಮಾತು ಯಾರಿಗೂ ಅಪರಾಧವೆಂದು ತೋರುವುದಿಲ್ಲ. ಹಾಗೆ ತೋರದಿರುವ ಅಭ್ಯಾಸ ಈ ನಗರದಲ್ಲಿ ಬೇರುಬಿಟ್ಟದ್ದು 2021ರಲ್ಲಿ. ಆದ್ದರಿಂದ ಆ ವರ್ಷದ ಕಡೆಗೆ ಒಮ್ಮೆ ತಿರುಗಿ ನೋಡುವುದು ಅಗತ್ಯವಾಗಿದೆ.

ಮೊದಲಿಗೆ ಒಂದು ಮಾತು. ಲಸಿಕೆ ಪಡೆದವನಿಗೆ ಒಂದು ಚೀಟಿ ಕೊಡುವುದು, ಆ ಚೀಟಿ ತೋರಿಸಿದವನಿಗೆ ಮಾತ್ರ ಬಾಗಿಲು ತೆರೆಯುವುದು ಹೊಸ ಪದ್ಧತಿಯೇನಲ್ಲ. 1898ರಲ್ಲಿ ಪ್ಲೇಗ್ ರೋಗ ಹುಬ್ಬಳ್ಳಿಯನ್ನು ಹಿಂಡಿ ರೈಲು ಹತ್ತಿ ಬೆಂಗಳೂರಿಗೆ ಬಂದಾಗ ಬ್ರಿಟಿಷ್ ಆಡಳಿತವು ಮದ್ರಾಸ್ ಪ್ರಾಂತ್ಯದಲ್ಲಿ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿಯನ್ನು ಜಾರಿಯಲ್ಲಿಟ್ಟಿತ್ತು. ಸೋಂಕಿನ ಊರಿನಿಂದ ಬಂದ ಪ್ರಯಾಣಿಕನು ಆ ಚೀಟಿ ಹಿಡಿದು ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ತಪಾಸಣೆಯ ಬಿಸಿ ತಟ್ಟಿದ್ದು ಹೆಚ್ಚಾಗಿ ಮೂರನೇ ದರ್ಜೆಯ ಡಬ್ಬಿಯಲ್ಲಿದ್ದವರಿಗೆ. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಅವರ ಪ್ಲೇಗ್ ಚುಚ್ಚುಮದ್ದನ್ನು ಸಾವಿರಾರು ಜನರು ಪಡೆದರು. ಒಂದೆಡೆ ಜೀವ ಉಳಿಸುವ ಔಷಧ, ಇನ್ನೊಂದೆಡೆ ಬಡವನನ್ನು ಮಾತ್ರ ತಡೆದು ನಿಲ್ಲಿಸುವ ಕಾಗದ. ಇವೆರಡೂ ಒಟ್ಟಿಗೆ ಬರುತ್ತವೆ ಎಂಬುದು ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಅನುಭವ.

ಹಜ್ಜ್ ಯಾತ್ರಿಕರಿಗಂತೂ ಇದು ಚಿರಪರಿಚಿತ. ಮೆದುಳು ಜ್ವರದ ಲಸಿಕೆ ಪಡೆಯದೆ ಸೌದಿ ಅರೇಬಿಯಾ ಹಜ್ಜ್ ವೀಸಾ ನೀಡುವುದಿಲ್ಲ. ಲಕ್ಷಾಂತರ ಜನರು ಒಂದೇ ಮೈದಾನದಲ್ಲಿ ಸೇರುವಾಗ ಅದು ನ್ಯಾಯಯುತವಾದ ನಿಬಂಧನೆಯೇ. 2020 ಮತ್ತು 2021ರಲ್ಲಿ ವಿದೇಶೀ ಯಾತ್ರಿಕರಿಗೆ ಹಜ್ಜ್‌ನ ಬಾಗಿಲು ಮುಚ್ಚಿತ್ತು. 2022ರಲ್ಲಿ ಭಾರತಕ್ಕೆ 79,237 ಮಂದಿಯ ಕೋಟಾ ದೊರೆತಾಗ 65 ವರ್ಷಕ್ಕಿಂತ ಕೆಳಗಿನ, ಕೋವಿಡ್ ಲಸಿಕೆ ಪೂರೈಸಿದವರಿಗೆ ಮಾತ್ರ ಅವಕಾಶವಿತ್ತು. ಅದನ್ನು ಯಾರೂ ಅನ್ಯಾಯವೆಂದು ಕರೆಯಲಿಲ್ಲ. ಹಾಗಾದರೆ ತಕರಾರು ಎಲ್ಲಿದೆ? ಲಸಿಕೆ ಎಲ್ಲರ ಕೈಗೆಟಕುವ ಮೊದಲೇ ಅದರ ಚೀಟಿಯನ್ನು ಎಲ್ಲರಿಂದಲೂ ಕೇಳತೊಡಗಿದರೆ ಅಲ್ಲಿಂದ ತಕರಾರು ಆರಂಭವಾಗುತ್ತದೆ. ಅಲ್ಲಿಂದಲೇ ವಂಚನೆಯೂ ಆರಂಭವಾಗುತ್ತದೆ.

ಬೆಂಗಳೂರಿನ ಹೊರವಲಯದ ಮೂರು ದಿಕ್ಕುಗಳನ್ನು ಗಮನಿಸಿರಿ. ಪೂರ್ವದಲ್ಲಿ ವೈಟ್‌ಫೀಲ್ಡ್, ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದಲ್ಲಿ ನಮ್ಮ ಈ ಪೀಣ್ಯ. 2021ರ ಮೇ 1ರಿಂದ 18 ವರ್ಷ ಮೇಲ್ಪಟ್ಟವರಿಗೆಲ್ಲ ಲಸಿಕೆ ಎಂದು ಕೇಂದ್ರ ಸರಕಾರ ಘೋಷಿಸಿತು. ಆದರೆ 18ರಿಂದ 44ರೊಳಗಿನವರು ಮೊದಲು ಕೋವಿನ್ ಎಂಬ ಜಾಲತಾಣದಲ್ಲಿ ಸಮಯ ಕಾಯ್ದಿರಿಸಬೇಕಿತ್ತು. ಆ ಜಾಲತಾಣ ಆಗ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡ ಬಂದದ್ದು ಜೂನ್ ತಿಂಗಳಲ್ಲಿ. ಸ್ಲಾಟು ತೆರೆದ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತಿತ್ತು. ಸಾಫ್ಟ್‌ವೇರ್ ಬಲ್ಲ ಯುವಕರು ಸ್ಲಾಟು ತೆರೆದ ಕೂಡಲೇ ಮೊಬೈಲಿಗೆ ಸೂಚನೆ ಬರುವಂತಹ ಪ್ರೋಗ್ರಾಮುಗಳನ್ನೇ ಬರೆದುಕೊಂಡರು. ನಗರದಲ್ಲಿ ಸಿಗದಿದ್ದರೆ ಸುತ್ತಲಿನ ಗ್ರಾಮಾಂತರ ಕೇಂದ್ರಗಳಲ್ಲಿ ಸ್ಲಾಟು ಹಿಡಿದು ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಅಲ್ಲಿನ ರೈತ ಸರದಿಯಲ್ಲಿ ನಿಂತು ನೋಡಿದ. ದೊಡ್ಡ ಕಂಪೆನಿಗಳು ಖಾಸಗಿ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಂಡು ನೌಕರರಿಗೂ ಅವರ ಕುಟುಂಬಕ್ಕೂ ಲಸಿಕೆ ಹಾಕಿಸಿದವು. ಅದು ಒಳ್ಳೆಯ ಕೆಲಸವೇ, ನಾವು ದೂಷಿಸುವುದಿಲ್ಲ. ಆದರೆ ಅದೇ ಕ್ಯಾಂಪಸ್ಸಿನ ಶೌಚಾಲಯ ತೊಳೆಯುವ ಗುತ್ತಿಗೆ ಕಾರ್ಮಿಕಳು ಯಾರ ಕುಟುಂಬಕ್ಕೆ ಸೇರಿದವಳು?

ಪೀಣ್ಯದ ಲೇತ್ ಕಾರ್ಖಾನೆಯಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಲೇಪನದ ಘಟಕದಲ್ಲಿ ದುಡಿಯುವವನಿಗೆ ಒಟಿಪಿ ಬಂದರೂ ಅದು ಮೇಸ್ತ್ರಿಯ ಮೊಬೈಲಿಗೆ ಬರುತ್ತಿತ್ತು. ಜೂನ್ 8ರಂದು ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಿದ ಮೇಲೂ ಕೋವಿಶೀಲ್ಡ್‌ನ ಒಂದು ಡೋಸಿಗೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1,410 ರೂಪಾಯಿ. ಇಬ್ಬರು ಮಕ್ಕಳ ಸಂಸಾರದಲ್ಲಿ ಗಂಡ ಹೆಂಡತಿ ಎರಡೆರಡು ಡೋಸು ಪಡೆಯಬೇಕಾದರೆ ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬುದನ್ನು ನಿಮಗೆ ನಾವು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟು 2021ರ ಮೇ 31ರ ಆದೇಶದಲ್ಲಿ ಈ ಅಂಶವನ್ನೇ ಎತ್ತಿ ಹಿಡಿದು, ಮೊಬೈಲು ಇಂಟರ್ನೆಟ್ಟು ಇಲ್ಲದವರನ್ನು ಹೊರಗಿಡುವ ನೀತಿಯನ್ನು ತೀಕ್ಷ್ಣವಾಗಿ ಪ್ರಶ್ನಿಸಿತು. ಜೂನ್ 21ರಿಂದ ಸರಕಾರಿ ಕೇಂದ್ರಗಳಲ್ಲಿ ಎಲ್ಲ ವಯಸ್ಕರಿಗೂ ಕೇಂದ್ರ ಸರಕಾರದ ವತಿಯಿಂದ ಉಚಿತ ಲಸಿಕೆ ಸಿಗತೊಡಗಿತು. ಆ ದಿನಾಂಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿರಿ, ಮುಂದೆ ಅದು ಬೇಕಾಗುತ್ತದೆ.

ಇನ್ನೊಂದು ಭಯವಿತ್ತು. ಅದು ಸೂಜಿಯ ಭಯವಲ್ಲ, ಕಾಗದದ ಭಯ. 2020ರ ಜನವರಿಯಲ್ಲಿ, ಪೌರತ್ವ ಕಾಯ್ದೆಯ ವಿವಾದ ಕುದಿಯುತ್ತಿದ್ದಾಗ, ವೈಟ್‌ಫೀಲ್ಡಿಗೆ ಹೋಗುವ ಹೊರವರ್ತುಲ ರಸ್ತೆಯ ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು 'ಬಾಂಗ್ಲಾದೇಶಿಗಳು' ಎಂಬ ಹಣೆಪಟ್ಟಿ ಹಚ್ಚಿ ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಅಸ್ಸಾಮ್, ತ್ರಿಪುರಾದವರೂ ಇದ್ದರು. ಆಧಾರ್ ಕಾರ್ಡು ತೋರಿಸಿದರೂ ಮನೆ ಉಳಿಯಲಿಲ್ಲ. ಕರ್ನಾಟಕ ಹೈಕೋರ್ಟು ಆ ಕ್ರಮವನ್ನು ಕಾನೂನುಬಾಹಿರವೆಂದು ಪರಿಗಣಿಸಿತು. ಹೀಗೆ ಕಾಗದವಿದ್ದೂ ಮನೆ ಕಳೆದುಕೊಂಡವನಿಗೆ ಹದಿನೈದು ತಿಂಗಳ ಬಳಿಕ ಅದೇ ಕಾಗದ ತಂದು ಲಸಿಕೆಗೆ ಹೆಸರು ಬರೆಸು ಎಂದರೆ ಅವನ ಮನಸ್ಸಿನಲ್ಲಿ ಏನು ಮೂಡಿರಬಹುದು? ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಕೊಡಬೇಕೆಂಬ ಮಾರ್ಗಸೂಚಿ 2021ರ ಮೇ 6ರಂದೇ ಬಂದಿತ್ತು. ಕೋವಿನ್‌ಗೆ ಆಧಾರ್ ಕಡ್ಡಾಯವಲ್ಲ ಎಂಬುದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸ್ಪಷ್ಟವಾಯಿತು. ಆದರೆ ದಿಲ್ಲಿಯಲ್ಲಿ ಹೊರಡಿಸಿದ ಸುತ್ತೋಲೆ ತೂಬರಹಳ್ಳಿಯ ಚಿಂದಿ ಆಯುವವರ ಗುಡಿಸಲಿಗೆ ತಲುಪಲು ಬಹಳ ಸಮಯ ಹಿಡಿಯುತ್ತದೆ.

ಇನ್ನು ವಂಚನೆಯ ವಿಷಯಕ್ಕೆ ಬರೋಣ. ಕೋವಿನ್ ಪ್ರಮಾಣಪತ್ರದ ಹಿಂದಿದ್ದ ತಂತ್ರಾಂಶ 'ಡಿವೋಕ್' ರೂಪುಗೊಂಡದ್ದು ಬೆಂಗಳೂರಿನ ಇ-ಗವ್ ಫೌಂಡೇಷನ್ನಿನಲ್ಲಿ. ಶ್ರೀಲಂಕಾ, ಫಿಲಿಪ್ಪೀನ್ಸ್ ಕೂಡ ಅದನ್ನು ಬಳಸಿಕೊಂಡವು. ಪ್ರಮಾಣಪತ್ರದ ಮೂಲೆಯಲ್ಲಿ ಒಂದು ಕಪ್ಪು ಬಿಳುಪಿನ ಚೌಕ, ಅಂದರೆ ಕ್ಯೂಆರ್ ಕೋಡ್ ಇರುತ್ತದೆ. ಅದರೊಳಗೆ ಹೆಸರು, ದಿನಾಂಕ, ಲಸಿಕೆಯ ವಿವರಗಳ ಜೊತೆಗೆ ಡಿಜಿಟಲ್ ಸಹಿಯೂ ಇರುತ್ತದೆ. ಯಾರಾದರೂ ಬೇರೆಯವರ ಪ್ರಮಾಣಪತ್ರದಲ್ಲಿ ಹೆಸರನ್ನು ಅಳಿಸಿ ತನ್ನ ಹೆಸರು ಬರೆಸಿಕೊಂಡರೆ, ಕೋವಿನ್‌ನ ಪರಿಶೀಲನಾ ಪುಟದಲ್ಲಿ ಆ ಚೌಕವನ್ನು ತೋರಿಸಿದೊಡನೆ ನಿಜವಾದ ಹೆಸರು ಹೊರಬೀಳುತ್ತದೆ. ಸೈಬರ್ ಸೆಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಈ ನಕಲು ಬಹಳ ದುರ್ಬಲವಾದ ನಕಲು. ಅದು ನಡೆದದ್ದು ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವನ ಬಳಿ ಪರಿಶೀಲಿಸುವ ಉಪಕರಣವೂ ಸಮಯವೂ ಇರಲಿಲ್ಲವೆಂಬ ಕಾರಣಕ್ಕೆ ಮಾತ್ರ. ಅವನು ಮೊಬೈಲಿನಲ್ಲಿ ಪ್ರಧಾನಿಯ ಭಾವಚಿತ್ರವಿರುವ ಒಂದು ಪುಟವನ್ನು ಕಂಡರೆ ಕೈ ಬೀಸಿ ಒಳಗೆ ಬಿಡುತ್ತಿದ್ದ.

ಎರಡನೆಯ ಬಗೆಯ ವಂಚನೆ ಇದಕ್ಕಿಂತ ಭಯಾನಕವಾದುದು. ಅದರಲ್ಲಿ ಪ್ರಮಾಣಪತ್ರ ಅಸಲಿ, ಕ್ಯೂಆರ್ ಅಸಲಿ, ಸಹಿ ಅಸಲಿ. ಸೂಜಿ ಮಾತ್ರ ಸುಳ್ಳು. ಕೇಂದ್ರದಲ್ಲಿ ಕುಳಿತು ದಾಖಲಿಸುವವನು ಚುಚ್ಚದೆಯೇ ಚುಚ್ಚಿದೆ ಎಂದು ಗುಂಡಿ ಒತ್ತಿದರೆ ಜಗತ್ತಿನ ಯಾವ ಯಂತ್ರವೂ ಅದನ್ನು ಹಿಡಿಯಲಾರದು. ಗಣಕಯಂತ್ರದಲ್ಲಿ ಹಾಗೆ ದಾಖಲಾಗಿದೆ ಎಂಬುದಕ್ಕಷ್ಟೇ ಆ ಚೌಕ ಸಾಕ್ಷಿ. ತೋಳಿಗೆ ಅದು ಸಾಕ್ಷಿಯಲ್ಲ. ತೋಳಿಗೆ ಸಾಕ್ಷಿಯಾಗಬೇಕಾದವರು ಇಬ್ಬರೇ: ಚುಚ್ಚಿದವರು ಮತ್ತು ಚುಚ್ಚಿಸಿಕೊಂಡವರು.

ಇಂತಹ ಘಟನೆಗಳು ಕಾಲ್ಪನಿಕವಲ್ಲ. ಮುಂಬಯಿಯ ಕಾಂದಿವಲಿಯಲ್ಲಿ 2021ರ ಮೇ 30ರಂದು ಒಂದು ವಸತಿ ಸಮುಚ್ಚಯದ 390 ಮಂದಿ ತಲಾ 1,260 ರೂಪಾಯಿ ತೆತ್ತು ಲಸಿಕೆ ಹಾಕಿಸಿಕೊಂಡರು. ಪ್ರಮಾಣಪತ್ರಗಳು ಬೇರೆ ಬೇರೆ ಆಸ್ಪತ್ರೆಗಳ ಹೆಸರಿನಲ್ಲಿ ಬಂದವು. ಆ ಶಿಬಿರ ತಮ್ಮದಲ್ಲವೆಂದು ಆಸ್ಪತ್ರೆಗಳು ಹೇಳಿದವು. ಜೂನ್‌ನಲ್ಲಿ ಕೋಲ್ಕತಾದ ಕಸ್ಬಾದಲ್ಲಿ ಐಎಎಸ್ ಅಧಿಕಾರಿಯ ಸೋಗು ಹಾಕಿದವನೊಬ್ಬ ಶಿಬಿರವನ್ನೇ ನಡೆಸಿದ. ಅಲ್ಲಿ ಲೋಕಸಭಾ ಸದಸ್ಯೆಯೊಬ್ಬರೂ ಚುಚ್ಚಿಸಿಕೊಂಡರು. ತನಗೆ ಕೋವಿನ್‌ನಿಂದ ಸಂದೇಶ ಬರಲಿಲ್ಲವೇಕೆ ಎಂದು ಅವರು ಪ್ರಶ್ನಿಸಿದ್ದರಿಂದಲೇ ಮೋಸ ಬಯಲಾಯಿತು. ನಮ್ಮ ಬೆಂಗಳೂರಿನಲ್ಲಿ ಅದೇ ಮೇ ತಿಂಗಳಲ್ಲಿ ಒಂದು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯನ್ನು ಪೊಲೀಸರು ಬಂಧಿಸಿದರು. ಉಚಿತವಾಗಿ ಹಂಚಬೇಕಾದ ಲಸಿಕೆಯನ್ನು ಖಾಸಗಿ ಮನೆಯೊಂದರಲ್ಲಿ ಡೋಸಿಗೆ 500 ರೂಪಾಯಿಯಂತೆ ಮಾರಲಾಗುತ್ತಿತ್ತು ಎಂಬುದು ಆರೋಪ. ಬಡವರ ಕೇಂದ್ರದಲ್ಲಿ 'ಸ್ಟಾಕ್ ಇಲ್ಲ' ಎಂಬ ಫಲಕ ನೇತಾಡುತ್ತಿದ್ದ ದಿನಗಳವು.

ಕೋವಿಡ್ ಪರೀಕ್ಷೆಯ ವರದಿಗಳದ್ದೂ ಇದೇ ಕಥೆ. ಕೇರಳದಿಂದ ಬರುವವರು ಲಸಿಕೆ ಪಡೆದಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತರಬೇಕೆಂದು ಕರ್ನಾಟಕ ಸರಕಾರ 2021ರ ಜುಲೈ ಕೊನೆಯಲ್ಲಿ ಆದೇಶಿಸಿತು. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರು ಪರರಾಜ್ಯದ ಪಟ್ಟಣವಲ್ಲ, ಅದು ಅವರ ಆಸ್ಪತ್ರೆ, ಕಾಲೇಜು, ಸಂತೆ. ದಿನವೂ ದಾಟುವ ತಲಪಾಡಿ ಗಡಿಯಲ್ಲಿ ದಿನವೂ ಪರೀಕ್ಷೆ ಮಾಡಿಸುವುದು ಹೇಗೆ? ಹಳೆಯ ವರದಿಯ ದಿನಾಂಕ ತಿದ್ದಿ ತಂದವರ ಮೇಲೆ ಅಲ್ಲಿ ಪ್ರಕರಣಗಳು ದಾಖಲಾದವು. ಸೆಪ್ಟೆಂಬರಿನಲ್ಲಿ, ಕೇರಳಕ್ಕೆ ಹೋದ ನೌಕರರು ಅಕ್ಟೋಬರ್ ಅಂತ್ಯದವರೆಗೆ ಮರಳುವುದು ಬೇಡ ಎಂದು ಇಲ್ಲಿನ ಸಂಸ್ಥೆಗಳಿಗೆ ಸರಕಾರ ಸೂಚಿಸಿತು. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವನು ಕಾಸರಗೋಡಿನಲ್ಲಿ ಕುಳಿತೇ ಸಂಬಳ ಪಡೆದ. ಎಲೆಕ್ಟ್ರಾನಿಕ್ ಸಿಟಿಯ ಬೇಕರಿಯಲ್ಲಿ, ಚಹಾ ಅಂಗಡಿಯಲ್ಲಿ ದುಡಿಯುವ ಅವನದೇ ಊರಿನ ಹುಡುಗ ಏನು ಮಾಡಬೇಕಿತ್ತು?

ಇದರ ಇನ್ನೊಂದು ತುದಿಯನ್ನೂ ನೋಡಿರಿ. ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಲ್ಲೇ ದೃಢಪಟ್ಟವು. ಅವರಲ್ಲೊಬ್ಬರು ದಕ್ಷಿಣ ಆಫ್ರಿಕಾದ ಪ್ರಜೆ. ಎರಡೂ ಡೋಸ್ ಪಡೆದವರು. ನವೆಂಬರ್ 20ರಂದು ಬೆಂಗಳೂರಿಗೆ ಬಂದಿಳಿದು ಪಾಸಿಟಿವ್ ಎಂದು ತಿಳಿದು ಹೋಟೆಲಿನಲ್ಲಿ ಪ್ರತ್ಯೇಕವಾಗಿದ್ದವರು, ಖಾಸಗಿ ಪ್ರಯೋಗಾಲಯದ ನೆಗೆಟಿವ್ ವರದಿಯೊಂದನ್ನು ತೋರಿಸಿ 27ರಂದು ದುಬೈಗೆ ಹಾರಿದರು. ಆ ವರದಿ ಸುಳ್ಳೆಂಬ ಆರೋಪದ ಮೇಲೆ ಪೊಲೀಸರು ಬಂಧನಗಳನ್ನೂ ನಡೆಸಿದರು. ಆದರೆ ಅದಾದ ಮರುದಿನ, ಡಿಸೆಂಬರ್ 3ರಂದು, ರಾಜ್ಯ ಸರಕಾರ ಬಿಗಿಗೊಳಿಸಿದ್ದು ಏನನ್ನು? ಎರಡು ಡೋಸ್ ಪಡೆಯದವರಿಗೆ ಮಾಲ್, ಸಿನಿಮಾ ಮಂದಿರಗಳಿಗೆ ಪ್ರವೇಶವಿಲ್ಲ, ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳು ಎರಡು ಡೋಸ್ ಪಡೆದಿರಬೇಕು ಎಂಬ ಆದೇಶ ಬಂತು. ಮಾಲಿಗೆ ಹೋಗದಿದ್ದರೆ ಆಕಾಶವೇನೂ ಕಳಚಿ ಬೀಳದು. ಆದರೆ ಮಾಲಿನಲ್ಲಿ ನೆಲ ಒರೆಸುವವಳಿಗೆ ಅದು ಪ್ರವೇಶದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು ಮೇ ತಿಂಗಳಲ್ಲೇ 12ರಿಂದ 16 ವಾರಕ್ಕೆ ಏರಿಸಲಾಗಿತ್ತು. ಅಕ್ಟೋಬರಿನಲ್ಲಿ ಮೊದಲ ಡೋಸ್ ಪಡೆದವಳು ಜನವರಿಯವರೆಗೆ ಕಾಯಲೇಬೇಕು. ಕಾಯಿರಿ ಎಂದು ಹೇಳಿದ್ದೂ ಸರಕಾರ, ಕಾದದ್ದಕ್ಕೆ ತಡೆದದ್ದೂ ಸರಕಾರ. ಅದಕ್ಕೆ ಮೊದಲು ಚಾಮರಾಜನಗರದಲ್ಲಿ ಲಸಿಕೆ ಪಡೆಯದವರಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಪ್ರಕಟಣೆ ಹೊರಬಿದ್ದು ವಿವಾದವಾಗಿತ್ತು. 2022ರ ಮೇ 2ರಂದು ಸುಪ್ರೀಂ ಕೋರ್ಟು ಜೇಕಬ್ ಪುಲಿಯೇಲ್ ಪ್ರಕರಣದ ತೀರ್ಪಿನಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಸೋಂಕು ಇಳಿದಿರುವಾಗ ಲಸಿಕೆ ಪಡೆಯದವರನ್ನು ಸಾರ್ವಜನಿಕ ಸ್ಥಳಗಳಿಂದ ತಡೆಯುವುದು ಸೂಕ್ತವಲ್ಲ ಎಂದು ಹೇಳಿತು. ಸರಕಾರದ ಲಸಿಕಾ ನೀತಿಯನ್ನು ಅದೇ ತೀರ್ಪು ಎತ್ತಿಹಿಡಿಯಿತು ಎಂಬುದನ್ನೂ ನಾವು ಹೇಳಲೇಬೇಕು. ಲಸಿಕೆ ವಿರೋಧಿಗಳು ತೀರ್ಪಿನ ಅರ್ಧವನ್ನಷ್ಟೇ ಹಂಚಿದರು.

ಸುಳ್ಳು ಪ್ರಮಾಣಪತ್ರ ಬಡವನೊಬ್ಬನ ಉತ್ಪನ್ನವೇ? 2021ರ ಸೆಪ್ಟೆಂಬರ್ 17ರಂದು, ಪ್ರಧಾನಿಯ ಹುಟ್ಟುಹಬ್ಬದಂದು, ಒಂದೇ ದಿನ ಎರಡೂವರೆ ಕೋಟಿ ಡೋಸ್ ನೀಡಿದ ದಾಖಲೆ ನಿರ್ಮಾಣವಾಯಿತು. ಅತಿ ಹೆಚ್ಚು ಡೋಸ್ ದಾಖಲಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ದಿನಗಳಲ್ಲಿ, ಎರಡನೇ ಡೋಸ್ ಪಡೆಯದೆಯೇ ಪಡೆದಿದ್ದೀರಿ ಎಂಬ ಸಂದೇಶ ಬಂದ ದೂರುಗಳು ದೇಶದ ಹಲವೆಡೆಯಿಂದ ಕೇಳಿಬಂದವು. ತೀರಿಕೊಂಡವರ ಹೆಸರಿಗೂ ಪ್ರಮಾಣಪತ್ರ ಬಂದ ವರದಿಗಳು ಪ್ರಕಟವಾದವು. ಬಿಹಾರದ ಅರವಲ್ ಜಿಲ್ಲೆಯ ಒಂದು ಆರೋಗ್ಯ ಕೇಂದ್ರದ ಪಟ್ಟಿಯಲ್ಲಂತೂ ಪ್ರಧಾನಿಯ ಹೆಸರು, ಚಿತ್ರನಟಿಯ ಹೆಸರು ಎಲ್ಲವೂ ಇದ್ದವು! ಗುರಿ ಮುಟ್ಟಬೇಕೆಂದು ಮೇಲಿನಿಂದ ಒತ್ತಡ ಬಂದಾಗ ಕೆಳಗಿನ ನೌಕರ ತೋಳನ್ನು ಹುಡುಕುವುದಿಲ್ಲ, ಹೆಸರನ್ನು ಹುಡುಕುತ್ತಾನೆ. ಹಾಗೆ ಅಂಕಿ ತುಂಬಿಸಿದ್ದು 'ಸಾಧನೆ'ಯಾಯಿತು. ಕಾರ್ಮಿಕ ಅದೇ ಅಂಕಿಯನ್ನು ಹಣ ಕೊಟ್ಟು ಪಡೆದರೆ ಅದು 420 ಪ್ರಕರಣವಾಯಿತು.

ಹಗರಣ ಬಯಲಾದಾಗ ಯಾರ ಹೆಸರನ್ನು ಗಟ್ಟಿಯಾಗಿ ಓದಲಾಗುತ್ತದೆ ಎಂಬುದೂ ನಮಗೆ ತಿಳಿದಿದೆ. 2021ರ ಮೇ 4ರಂದು ಆಗಿನ ಬಿಬಿಎಂಪಿಯ ಜಯನಗರದ ವಾರ್‌ರೂಮಿಗೆ ಸಂಸದ ತೇಜಸ್ವಿ ಸೂರ್ಯ ಅವರು ಶಾಸಕರೊಂದಿಗೆ ನುಗ್ಗಿದರು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆಯುತ್ತಿದೆ ಎಂಬ ಆರೋಪ ಗಂಭೀರವಾದುದೇ. ಅದರಿಂದ ಜನರು ಸತ್ತಿರಬಹುದು. ಆದರೆ 200ಕ್ಕೂ ಹೆಚ್ಚು ಸಿಬ್ಬಂದಿಯಿದ್ದ ಆ ಕಚೇರಿಯಲ್ಲಿ ಓದಲಾದದ್ದು 17 ಮುಸ್ಲಿಮ್ ಯುವಕರ ಹೆಸರುಗಳನ್ನು ಮಾತ್ರ. ನೇಮಿಸಿದ್ದು ಮದ್ರಸಕ್ಕೋ ಪಾಲಿಕೆಗೋ ಎಂಬ ಅರ್ಥದ ಪ್ರಶ್ನೆಯೂ ಅಲ್ಲಿ ಕೇಳಿಬಂತು. ಮದ್ರಸದಲ್ಲೇ ಅಕ್ಷರ ಕಲಿತ ನಮಗೆ ಆ ಮಾತು ಎಲ್ಲಿ ತಾಗಿತೆಂದು ವಿವರಿಸುವ ಅಗತ್ಯವಿಲ್ಲ. ಪೊಲೀಸರು ಆ ಯುವಕರನ್ನು ವಿಚಾರಿಸಿ ಬಿಟ್ಟರು, ಅವರ ವಿರುದ್ಧ ಪುರಾವೆ ದೊರೆಯಲಿಲ್ಲ. ಹೆಸರುಗಳನ್ನು ಓದಿದ ವೀಡಿಯೊವನ್ನು ನೋಡಿದಷ್ಟು ಜನ ಆ ಎರಡನೆಯ ಸುದ್ದಿಯನ್ನು ಓದಿರಲಾರರು.

ಇಷ್ಟನ್ನು ಹೇಳಿದ ಮೇಲೆ, ನಮ್ಮವರೇ ತುಂಬಿರುವ ಈ ಸಭೆಯಲ್ಲಿ ನಮ್ಮ ಬಗ್ಗೆಯೂ ಮಾತನಾಡದಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಬೆಂಗಳೂರಿನಿಂದಲೇ ಆರಂಭವಾದಾಗ, ಅದು ಮಕ್ಕಳನ್ನು ಬಂಜೆಯಾಗಿಸುವ ಸಂಚು ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ನಮ್ಮ ಮಹಲ್ಲುಗಳಲ್ಲೂ ಹರಿದಾಡಿದವು. 2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಯಲ್ಲಿ ಹಂದಿಯ ಜಿಲೆಟಿನ್ ಇದೆ ಎಂಬ ಗುಲ್ಲು ಎದ್ದಿತು. ಆಸ್ಟ್ರಾಜೆನೆಕಾ, ಫೈಝರ್, ಮೊಡೆರ್ನಾ ಕಂಪೆನಿಗಳು ತಮ್ಮ ಲಸಿಕೆಯಲ್ಲಿ ಅದಿಲ್ಲವೆಂದು ಸ್ಪಷ್ಟಪಡಿಸಿದವು. ಇದ್ದರೂ ಜೀವರಕ್ಷಣೆಗಾಗಿ ಅನುಮತಿಯಿದೆಯೆಂದು ಯುಎಇ ಫತ್ವಾ ಮಂಡಳಿ ಹೇಳಿತು. ಗುಲ್ಲು ಅಡಗಲಿಲ್ಲ. ಆಶ್ಚರ್ಯವೆಂದರೆ, ಸಂಶಯವಿದೆಯೆಂದು ಸೂಜಿಯಿಂದ ದೂರ ನಿಂತವರಲ್ಲಿ ಕೆಲವರಿಗೆ ಸುಳ್ಳು ಚೀಟಿಯ ಬಗ್ಗೆ ಸಂಶಯವೇ ಬರಲಿಲ್ಲ! ಹಲಾಲ್ ಹರಾಮ್‌ನ ಸೂಕ್ಷ್ಮತೆ ತೋಳಿನ ತನಕ ಬಂದು ಅಲ್ಲೇ ನಿಂತುಬಿಟ್ಟಿತು. ಕಿಸೆಯವರೆಗೆ ಬರಲಿಲ್ಲ.

ಪ್ರವಾದಿವರ್ಯರು(ಸ) ಮಹಾಪಾಪಗಳನ್ನು ಎಣಿಸುತ್ತಿದ್ದಾಗ ಒರಗಿ ಕುಳಿತಿದ್ದರು, ಸುಳ್ಳು ಸಾಕ್ಷ್ಯದ ವಿಷಯ ಬಂದಾಗ ನೆಟ್ಟಗೆ ಕುಳಿತು ಅದನ್ನೇ ಮತ್ತೆ ಮತ್ತೆ ಹೇಳತೊಡಗಿದರು, ಇನ್ನು ಸಾಕು ಮಾಡಿದರೆ ಚೆನ್ನಿತ್ತು ಎಂದು ಅನುಚರರಿಗೆ ಅನ್ನಿಸುವಷ್ಟು, ಎಂಬ ವರದಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಸಾಕ್ಷ್ಯವೆಂದರೆ ನ್ಯಾಯಾಲಯದ ಕಟಕಟೆ ಮಾತ್ರವಲ್ಲ. ನಾನು ಲಸಿಕೆ ಪಡೆದಿದ್ದೇನೆ ಎಂದು ತೋರಿಸುವ ಪುಟವೂ ಒಂದು ಸಾಕ್ಷ್ಯ. ಅದನ್ನು ನಂಬಿ ನಿಮ್ಮ ಪಕ್ಕದಲ್ಲಿ ಹಾಸಿಗೆ ಹಾಸುವವನು ಯಾರು? ಲಗ್ಗೆರೆಯ ಒಂದು ಕೋಣೆಯಲ್ಲಿ ಎಂಟು ಮಂದಿ ಪಾಳಿಯಲ್ಲಿ ಮಲಗುವಾಗ, ಅವರಲ್ಲೊಬ್ಬನಿಗೆ ಸಕ್ಕರೆ ಕಾಯಿಲೆ ಇರುವಾಗ, ಆ ಸುಳ್ಳು ಮಾಲೀಕನನ್ನು ವಂಚಿಸಿದ್ದಕ್ಕಿಂತ ಹೆಚ್ಚಾಗಿ ಆ ರೋಗಿಯನ್ನು ವಂಚಿಸುತ್ತದೆ.

ಇಲ್ಲಿ ಒಬ್ಬ ಸಹೋದರ ಎದ್ದು ನಿಂತು, ನಮಗೆ ಗತ್ಯಂತರವಿರಲಿಲ್ಲ, ಅನಿವಾರ್ಯತೆಯಲ್ಲಿ ನಿಷಿದ್ಧವೂ ಸಮ್ಮತವಾಗುತ್ತದೆಯೆಂದು ನಿಮ್ಮ ಫಿಕ್‌ಹ್‌ನಲ್ಲೇ ಇದೆಯಲ್ಲವೇ ಎಂದು ಕೇಳಬಹುದು. ಇದೆ. ಆದರೆ ಅನಿವಾರ್ಯತೆಯನ್ನು ಅದರ ಅಳತೆಯಷ್ಟೇ ಬಳಸಬೇಕೆಂಬ ನಿಯಮವೂ ಅದರ ಬೆನ್ನಿಗೇ ಇದೆ. ಆದ್ದರಿಂದಲೇ ಜೂನ್ 21ರ ದಿನಾಂಕವನ್ನು ನೆನಪಿಡಲು ಹೇಳಿದೆವು. ಅದಕ್ಕೆ ಮೊದಲು, ಸ್ಲಾಟು ಸಿಗದೆ, ಹಣವಿಲ್ಲದೆ, ಗೇಟಿನಲ್ಲಿ ಚೀಟಿ ಕೇಳಿದ ಕಾರಣ ಕೆಲಸ ಹೋಗುವ ಸ್ಥಿತಿಯಲ್ಲಿದ್ದವನ ಬಗ್ಗೆ ತೀರ್ಪು ನೀಡಲು ನಮ್ಮ ನಾಲಗೆ ಏಳುವುದಿಲ್ಲ. ಅವನ ಪಾಪದಲ್ಲಿ ದೊಡ್ಡ ಪಾಲು, ಚೀಟಿ ಕೇಳಿ ಸೂಜಿ ಕೊಡದವರದ್ದು. ಆದರೆ ಸೂಜಿ ಉಚಿತವಾದ ಮೇಲೆ, ವಾರ್ಡುಗಳಲ್ಲಿ ಶಿಬಿರಗಳು ನಡೆದ ಮೇಲೆ, ಅರ್ಧ ದಿನದ ಕೂಲಿ ಉಳಿಸಲೆಂದೋ ಜ್ವರ ಬಂದೀತೆಂದೋ ಚೀಟಿ ಕೊಂಡವನಿಗೆ ಆ ನೆಪ ಇಲ್ಲ. ಅರ್ಧ ದಿನದ ರಜೆ ಕೊಡದ ಮಾಲೀಕನಿಗೂ ಇಲ್ಲ. ಇನ್ನು, ಸಂಬಳ ಪಡೆಯುತ್ತಾ ಸುಳ್ಳು ದಾಖಲಿಸಿದ ಆರೋಗ್ಯ ನೌಕರನಿಗೆ ಯಾವ ಮದ್‌ಹಬ್‌ನಲ್ಲೂ ವಿನಾಯಿತಿ ಸಿಗದು.

ಗಲ್ಫ್‌ಗೆ ಹೋಗುವವರ ಸಂಕಟ ಬೇರೆಯೇ ಇತ್ತು. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತದ್ದು 2021ರ ನವೆಂಬರ್ 3ರಂದು. ಅದಕ್ಕೆ ಮೊದಲು ಸರಕಾರವೇ ಕೊಟ್ಟ ಲಸಿಕೆಯನ್ನು ನಂಬಿಕೆಯಿಂದ ಪಡೆದವರು ಸೌದಿಗೆ ಮರಳಲಾಗದೆ ಊರಲ್ಲೇ ಉಳಿದರು. ಕೋವಿಶೀಲ್ಡ್ ಪಡೆದವರಿಗೆ, ವಿದೇಶಕ್ಕೆ ಹೋಗುವುದಿದ್ದರೆ 28 ದಿನಕ್ಕೇ ಎರಡನೇ ಡೋಸ್ ನೀಡುವ ಅವಕಾಶವನ್ನು ಜೂನ್ 7ರಂದು ಮಾಡಿಕೊಡಲಾಯಿತು, ಪಾಸ್‌ಪೋರ್ಟ್ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ಸೇರಿಸುವ ವ್ಯವಸ್ಥೆಯೂ ಬಂತು. ಆದರೂ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ನಮ್ಮಲ್ಲಿ ಮುಹಮ್ಮದ್ ಎಂಬ ಹೆಸರನ್ನೇ ಎಷ್ಟು ಬಗೆಯಾಗಿ ಬರೆಯುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಇದನ್ನು ಸರಿಪಡಿಸಿಕೊಡುತ್ತೇವೆಂದು ಹಣ ಕಿತ್ತವರೂ ಇದ್ದರು. ಜಾಲತಾಣದಲ್ಲಿ ಉಚಿತವಾಗಿ ಮಾಡಬಹುದಾದ ಕೆಲಸವದು.

ಒಟಿಪಿ ಕಳ್ಳರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪತ್ರಿಕೆಗಳಲ್ಲಿ ಓದಿದ್ದೀರಿ. ಬೂಸ್ಟರ್ ಡೋಸ್ ನೋಂದಣಿಯೆಂದು ಕರೆ ಮಾಡಿ ಒಟಿಪಿ ಪಡೆದು ಬ್ಯಾಂಕ್ ಖಾತೆ ಬರಿದು ಮಾಡಿದ ಪ್ರಕರಣಗಳು 2022ರಲ್ಲಿ ನಡೆದವು. 2023ರ ಜೂನ್‌ನಲ್ಲಿ ಟೆಲಿಗ್ರಾಂನ ಒಂದು ಬಾಟ್ ಮೊಬೈಲ್ ಸಂಖ್ಯೆ ಕೊಟ್ಟರೆ ಲಸಿಕೆ ಪಡೆದವರ ಹೆಸರು, ಗುರುತಿನ ಚೀಟಿಯ ಸಂಖ್ಯೆ ಹೇಳುತ್ತಿತ್ತು. ಸರಕಾರವು ಕೋವಿನ್ ಸುರಕ್ಷಿತವೆಂದಿತು, ಪೊಲೀಸರು ಬಿಹಾರದಲ್ಲಿ ಒಬ್ಬನನ್ನು ಬಂಧಿಸಿದರು. ಕಾಗದ ಕೊಡಲು ಹೆದರಿದ ಆ ಗುಡಿಸಲಿನವನು ತೀರಾ ದಡ್ಡನಾಗಿರಲಿಲ್ಲ ಎಂದು ಕೆಲವರಿಗಾದರೂ ಆಗ ಅನ್ನಿಸಿರಬೇಕು.

ಕೊನೆಯದಾಗಿ ಇವತ್ತಿನ ವಿಷಯ. ಆಫ್ರಿಕಾದ ಅನೇಕ ದೇಶಗಳಿಗೆ ಹೋಗಲು ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಕೇಂದ್ರ ಸರಕಾರ ಗೊತ್ತುಪಡಿಸಿದ ಕೇಂದ್ರಗಳು ಮಾತ್ರ ನೀಡುತ್ತವೆ. ಬೇರೆ ಯಾವ ಕ್ಲಿನಿಕ್ಕಿನ ಮುದ್ರೆಗೂ ಬೆಲೆಯಿಲ್ಲ. ಚುಚ್ಚಿದ ಹತ್ತು ದಿನಗಳ ನಂತರವೇ ಆ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಆದ್ದರಿಂದ ನಾಳೆ ವಿಮಾನ, ಇವತ್ತು ಪುಸ್ತಕ ಎನ್ನುವ ಏಜೆಂಟ್ ಸುಳ್ಳನೆಂದು ಅಲ್ಲೇ ತಿಳಿಯಿರಿ. 2016ರ ಜುಲೈಯಿಂದ ಅದು ಜೀವಮಾನವಿಡೀ ಊರ್ಜಿತ, ಹತ್ತು ವರ್ಷವಾಯಿತು ಹೊಸದು ಮಾಡಿಸಿ ಎನ್ನುವವನಿಗೂ ಹಣ ಕೊಡಬೇಡಿ. ಸರಿಯಾದ ಪ್ರಮಾಣಪತ್ರವಿಲ್ಲದೆ ಆ ದೇಶಗಳಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿಡುವ ಅಧಿಕಾರವಿದೆ. ಆಗ ಏಜೆಂಟ್ ಜೊತೆಗಿರುವುದಿಲ್ಲ. ಹಜ್ಜ್, ಉಮ್ರಾಕ್ಕೆ ಹೊರಟವರು ಮೆದುಳು ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲು ಪಡೆಯಬೇಕು. ಹಜ್ಜ್ ಸಮಿತಿಯ ಮೂಲಕ ಹೋಗುವವರಿಗೆ ಶಿಬಿರದಲ್ಲೇ ಅದನ್ನು ನೀಡಲಾಗುತ್ತದೆ, ಖಾಸಗಿ ಟೂರ್‌ನವರ ಜೊತೆ ಹೋಗುವವರು ತಾವೇ ವಿಚಾರಿಸಿಕೊಳ್ಳಬೇಕು.

ಹಳದಿ ಜ್ವರದ ಕೇಂದ್ರಗಳ ಪಟ್ಟಿಯನ್ನು ಕಾರ್ಯಕರ್ತರು ಬಾಗಿಲ ಬಳಿ ಅಂಟಿಸಿದ್ದಾರೆ. ಎರಡನೇ ಪಾಳಿಗೆ ಹೋಗಬೇಕಾದವರು ಮೊದಲು ಪ್ರಶ್ನೆ ಕೇಳಲಿ.